ಹರಿವಿನ ಬೆನ್ನು ಹತ್ತಿದ ಪ್ರಾಧ್ಯಾಪಕ

ಮನೋಳಿಯ ನಿಮಗೆ ಮಲಪ್ರಭೆ ಹೊಸದಲ್ಲ. ಬೇಸಿಗೆಯಲ್ಲಿ ಸಪ್ಪಳವಿಲ್ಲದೆ ಜಾರುವ ಅದೇ ನೀರು, ನವಿಲುತೀರ್ಥದ ಅಣೆಕಟ್ಟಿನ ಗೇಟು ಎತ್ತಿದಾಗ ಸುಳಿಸುಳಿಯಾಗಿ ನೊರೆಗರೆಯುತ್ತದೆ. ನಯವಾದ ಹರಿವು ಕದಡುವುದು ಎಲ್ಲಿ, ಹೇಗೆ? ಈ ಪ್ರಶ್ನೆಗೆ ಆಯುಷ್ಯವನ್ನೇ ಕೊಟ್ಟವರು ಪ್ರೊ. ರೊದ್ದಂ ನರಸಿಂಹ (1933–2020).

ತಂದೆ ಆರ್.ಎಲ್. ನರಸಿಂಹಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರು. ಕನ್ನಡದಲ್ಲಿ ವಿಜ್ಞಾನ ಬರೆದ ಹಿರಿಯರು. ಮಗ 1953ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದು ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಲ್ಲಿ ಸತೀಶ್ ಧವನ್ ಗುರುಗಳಾಗಿ ದೊರೆತರು. ವಿಮಾನದ ರೆಕ್ಕೆಗೆ ಅಂಟಿದಂತೆ ಹರಿಯುವ ಗಾಳಿಯ ತೆಳುಪದರದಲ್ಲಿ ಕದಡಿಕೆ ಒಮ್ಮೆಲೇ ಎಲ್ಲೆಡೆ ಹಬ್ಬುವುದಿಲ್ಲ. ಕಿರಿದಾದ ಒಂದು ಪಟ್ಟಿಯಲ್ಲಿ ಮಚ್ಚೆಗಳಂತೆ ಹುಟ್ಟಿ, ಸಾಗುತ್ತ ಬೆಳೆದು, ಒಂದರೊಡನೊಂದು ಕೂಡಿಕೊಳ್ಳುತ್ತದೆ. 1957ರಲ್ಲಿ ಹೀಗೆಂದು ಲೆಕ್ಕ ಸಮೇತ ತೋರಿಸಿದಾಗ ನರಸಿಂಹರಿಗೆ ಇಪ್ಪತ್ತನಾಲ್ಕು ವಯಸ್ಸು!

ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ 1961ರಲ್ಲಿ ಡಾಕ್ಟರೇಟ್ ಮುಗಿಸಿದವರು ಮರುವರ್ಷವೇ ಬೆಂಗಳೂರಿಗೆ ಮರಳಿ ಪ್ರಾಧ್ಯಾಪಕರಾದರು. ಕದಡಿದ ಹರಿವು ಮತ್ತೆ ನಯವಾಗಬಲ್ಲುದೇ ಎಂಬುದನ್ನು ಶಿಷ್ಯ ಕೆ.ಆರ್. ಶ್ರೀನಿವಾಸನ್ ಜೊತೆ ಶೋಧಿಸಿದರು. ಹೌದು, ಹರಿವಿನ ವೇಗವನ್ನು ತೀವ್ರವಾಗಿ ಏರಿಸಿದರೆ ಅದು ಸಾಧ್ಯ. 1984ರಿಂದ 1993ರವರೆಗೆ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರು. ಇಂಥ ಲೆಕ್ಕಗಳಿಗೆಂದೇ ಅಲ್ಲಿ 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಕಂಪ್ಯೂಟರ್ ತಯಾರಾಯಿತು.

ಇತಿಹಾಸದ ವಿದ್ಯಾರ್ಥಿಗಳಿಗೆ ಅವರ ಇನ್ನೊಂದು ಕೆಲಸ ಹೆಚ್ಚು ರುಚಿಸೀತು. ಮೈಸೂರಿನ ರಾಕೆಟ್ಟುಗಳನ್ನು ಕುರಿತು 1985ರಲ್ಲಿ ಅವರು ಬರೆದರು. 1780ರ ಪೊಳ್ಳಿಲೂರು ಕದನದಲ್ಲಿ ಇಂಗ್ಲಿಷರನ್ನು ಕಂಗೆಡಿಸಿದ ಆ ಬಾಣಗಳ ಗುಟ್ಟು ಕಬ್ಬಿಣದ ಕೊಳವೆ. ಕಾಗದದ ಕೊಳವೆ ಸಿಡಿದುಹೋಗುವಷ್ಟು ಒತ್ತಡವನ್ನು ಕಬ್ಬಿಣ ತಾಳುತ್ತಿತ್ತು. ಆದ್ದರಿಂದ ಬಾಣ ದೂರ ಹಾರುತ್ತಿತ್ತು. ಇದನ್ನು ಹೇಳಿ ಹೆಮ್ಮೆಪಟ್ಟು ಸುಮ್ಮನಾಗುವುದು ಸುಲಭವಿತ್ತು, ಅನೇಕರು ಹಾಗೆಯೇ ಮಾಡುತ್ತಾರೆ. ನರಸಿಂಹರು ಮುಂದಿನ ಪ್ರಶ್ನೆ ಕೇಳಿದರು: ಮೇಲುಗೈ ನಮ್ಮದಿದ್ದೂ ಅದು ಕೈತಪ್ಪಿದ್ದೇಕೆ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ರಾಕೆಟ್ಟುಗಳು ಇಂಗ್ಲೆಂಡಿನ ವುಲಿಚ್ ತಲುಪಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಮತ್ತೆ ಮತ್ತೆ ಹಾರಿಸಿ, ಅಳೆದು, ತಿದ್ದಿ, ಕಾರ್ಖಾನೆಯ ಸರಕಾಗಿಸಿದ. ನಮ್ಮ ಕುಶಲಿಗರ ಕೈಯಲ್ಲಿ ಕಸುಬಿತ್ತು; ಅದನ್ನು ನ್ಯೂಟನ್ನನ ಗಣಿತದೊಡನೆ ಜೋಡಿಸುವ ಶಾಲೆ ಇರಲಿಲ್ಲ.

ಕೊನೆಯವರೆಗೂ ಅವರನ್ನು ಕಾಡಿದ್ದು ಮುಂಗಾರಿನ ಮೋಡ. ಆವಿ ಹನಿಗಟ್ಟುವಾಗ ಹೊರಬೀಳುವ ಶಾಖ ಮೋಡದೊಳಗಿನ ಹರಿವನ್ನೇ ಬದಲಿಸುತ್ತದೆ. ಅದನ್ನು ಅರಿಯಲು ಅವರ ತಂಡ ನೀರಿನ ತೊಟ್ಟಿಯಲ್ಲಿ ಮೇಲೇರುವ ಧಾರೆಗೆ ನಡುವೆ ವಿದ್ಯುತ್ತಿನಿಂದ ಕಾವು ಕೊಟ್ಟು ಪುಟ್ಟ ‘ಮೋಡ’ಗಳನ್ನು ಎಬ್ಬಿಸಿತು. ಆ ಫಲಿತಾಂಶಗಳು 2011ರಲ್ಲಿ ಅಚ್ಚಾದಾಗ ಪ್ರಾಧ್ಯಾಪಕರಿಗೆ ಎಪ್ಪತ್ತೆಂಟರ ಆಸುಪಾಸು.