ಪೆಡಲಿಗೆ ಎಂಜಿನ್ ಸೇರಿದ ಮೇಲೆ

ಮೈಸೂರಿನಲ್ಲಿ ನನ್ನ ತಂದೆ ಇಟ್ಟಿದ್ದ ಬಾಡಿಗೆ ಸೈಕಲ್ ಅಂಗಡಿ ಈಗ ನನ್ನ ಕೈಯಲ್ಲಿದೆ. ಗಂಟೆ ಲೆಕ್ಕದಲ್ಲಿ ಸೈಕಲ್ ಒಯ್ಯುವವರು ಈಗಿಲ್ಲ. ರಿಪೇರಿ ಮಾಡುತ್ತೇನೆ, ಹಳೆಯ ಸೈಕಲ್‌ಗಳಿಗೆ ಮೋಟಾರ್ ಹಾಕಿಕೊಡುತ್ತೇನೆ. ‘ಇದಕ್ಕೆ ಲೈಸೆನ್ಸ್ ಬೇಕಾ?’ ಎಂದು ಕೇಳದ ಗಿರಾಕಿಯೇ ಇಲ್ಲ. ಬರಿಯ ಸೈಕಲ್‌ಗೂ ಲೈಸೆನ್ಸ್ ಇದ್ದ ಕಾಲ ಒಂದಿತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ನಗರಸಭೆಗೆ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಬೇಕಿತ್ತು. ರಾತ್ರಿ ದೀಪವಿಲ್ಲದೆ ಹೊರಟರೆ, ಡಬಲ್ ರೈಡ್ ಹೋದರೆ, ಪೊಲೀಸರು ಹಿಡಿದು ಗಾಳಿ ಬಿಡುತ್ತಿದ್ದರು.

ಸೈಕಲ್‌ಗೆ ಎಂಜಿನ್ ಕಟ್ಟುವ ಆಸೆ ಹುಟ್ಟಿದ್ದು ಹೆಚ್ಚಾಗಿ ಬಡತನದಲ್ಲಿ. ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಜಪಾನಿನಲ್ಲಿ 1946ರಲ್ಲಿ ಸೊಯಿಚಿರೊ ಹೋಂಡಾ ಅವರ ಕಣ್ಣಿಗೆ ಸೈನ್ಯದ ವೈರ್‌ಲೆಸ್ ಸೆಟ್‌ಗಳಿಗೆ ಕರೆಂಟ್ ಕೊಡಲು ಮಾಡಿದ್ದ ಪುಟ್ಟ ಎಂಜಿನ್ ಬಿತ್ತು. ಅದನ್ನು ಸೈಕಲ್‌ಗೆ ಕಟ್ಟಿ, ಹಾಸಿಗೆ ಬೆಚ್ಚಗಿಡುವ ಬಿಸಿನೀರಿನ ಡಬ್ಬಿಯನ್ನೇ ಪೆಟ್ರೋಲ್ ಟ್ಯಾಂಕ್ ಮಾಡಿಕೊಂಡರು. ಹೆಂಡತಿ ಸಾಚಿ ಅದನ್ನು ಬೀದಿಯಲ್ಲಿ ಓಡಿಸಿ ತೋರಿಸಿದರು. ಅಂಥ ಎಂಜಿನ್‌ಗಳು ಸಿಕ್ಕಿದ್ದು ಸುಮಾರು 500. ಅವು ಮುಗಿದ ಮೇಲೆ ಹೋಂಡಾ ತಮ್ಮದೇ ಎಂಜಿನ್ ಮಾಡಿದರು. ಅದೇ ವರ್ಷ ಫ್ರಾನ್ಸಿನಲ್ಲಿ ವೆಲೊಸೊಲೆಕ್ಸ್ ಮಾರಾಟಕ್ಕೆ ಬಂತು. ಅದರ ಎಂಜಿನ್ ಮುಂದಿನ ಚಕ್ರದ ಮೇಲೆ ಕೂತು, ಒಂದು ರೋಲರ್ ಟೈರನ್ನು ಉಜ್ಜಿಕೊಂಡೇ ತಿರುಗಿಸುತ್ತಿತ್ತು. ಮಳೆಯಲ್ಲಿ ಜಾರುತ್ತಿತ್ತು, ಆದರೂ ಅದಕ್ಕಿಂತ ಸರಳವಾದ ವ್ಯವಸ್ಥೆಯನ್ನು ನಾನು ಕಂಡಿಲ್ಲ.

ನಮ್ಮಲ್ಲಿಗೆ ಎಂಜಿನ್ ಕಟ್ಟಿದ ಸೈಕಲ್ ಬಂದದ್ದು ಮೊಪೆಡ್ ಆಗಿ. ಇಟಲಿಯ ಪಿಯಾಜಿಯೊ ಕಂಪನಿಯ ಚಾವ್ ಮಾದರಿಯನ್ನು ಅನುಸರಿಸಿ ಪುಣೆಯ ಕೈನೆಟಿಕ್ 1972ರಲ್ಲಿ 50 ಸಿಸಿಯ ಲೂನಾ ತಂದಿತು. 1980ರಲ್ಲಿ ಪಕ್ಕದ ರಾಜ್ಯದ ಹೊಸೂರಿನಿಂದ ಟಿವಿಎಸ್ 50 ಬಂತು. ಲೂನಾದ ಪೆಡಲ್ ಅಲಂಕಾರಕ್ಕೆ ಇದ್ದದ್ದಲ್ಲ. ಪೆಟ್ರೋಲ್ ಮುಗಿದರೆ ತುಳಿದೇ ಮನೆಗೆ ಹೋಗಬಹುದಿತ್ತು. ಹಾಲಿನ ಕ್ಯಾನ್, ಹೂವಿನ ಬುಟ್ಟಿ, ಸೊಪ್ಪಿನ ಕಂತೆ ಎಲ್ಲವನ್ನೂ ಈ ಗಾಡಿಗಳು ಹೊತ್ತವು. ಸೈಕಲ್ ತುಳಿದು ಮೊಣಕಾಲು ಸವೆಸಿಕೊಂಡವರಿಗೆ ಅವು ಮಾಡಿದ ಉಪಕಾರ ದೊಡ್ಡದು. ಅದನ್ನು ಯಾರೂ ಸರಿಯಾಗಿ ಬರೆದಿಟ್ಟಿಲ್ಲ ಎಂಬ ಕೊರಗು ನನಗಿದೆ.

ಇನ್ನು ಕಾನೂನು. ನಾಲ್ಕಕ್ಕಿಂತ ಕಡಿಮೆ ಚಕ್ರವಿದ್ದು, ಎಂಜಿನ್ 25 ಸಿಸಿ ಮೀರದಿದ್ದರೆ 1988ರ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಅದು ಮೋಟಾರು ವಾಹನವೇ ಅಲ್ಲ. ಎನ್‌ಫೀಲ್ಡ್‌ನ ಮೋಫಾ ಎಂಬ ಪುಟ್ಟ ಗಾಡಿಯ 22 ಸಿಸಿ ಎಂಜಿನ್ ಆ ಗೆರೆಯೊಳಗಿತ್ತು. ಈಗ ಸೈಕಲ್‌ಗೆಂದೇ ಮಾರುವ 48, 80 ಸಿಸಿಯ ಟೂ ಸ್ಟ್ರೋಕ್ ಕಿಟ್‌ಗಳು ಅದರ ಹೊರಗಿವೆ. ಅವನ್ನು ಕಟ್ಟಿದ ಸೈಕಲ್‌ಗೆ ನೋಂದಣಿ ಬೇಕು; ಮನೆಯಲ್ಲಿ ಕಟ್ಟಿದ್ದಕ್ಕೆ ನೋಂದಣಿ ಸಿಗುವುದಿಲ್ಲ. ಹಾಗಾಗಿ ಅಂಥ ಕಿಟ್ ತಂದವರನ್ನು ನಾನು ವಾಪಸ್ ಕಳಿಸುತ್ತೇನೆ. ಬ್ಯಾಟರಿಯದಾದರೆ ಮೋಟಾರ್ 250 ವಾಟ್‌ಗಿಂತ ಕಡಿಮೆ ಇರಬೇಕು, ವೇಗ 25 ಕಿ.ಮೀ. ಮುಟ್ಟುವಷ್ಟರಲ್ಲಿ ಅದು ಕೈಬಿಡಬೇಕು. ಬ್ಯಾಟರಿ ಬಿಟ್ಟು ತೂಕ 60 ಕೆಜಿ ದಾಟಬಾರದು. ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು. ಜೊತೆಗೆ ಸರಕಾರ ಗುರುತಿಸಿದ ಪರೀಕ್ಷಾ ಸಂಸ್ಥೆಯ ಒಪ್ಪಿಗೆಯೂ ಬೇಕು. ಕಿಟ್‌ನ ಡಬ್ಬಿಯ ಮೇಲೆ 250 ವಾಟ್ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಆ ಒಪ್ಪಿಗೆ ಬಂದಂತಾಗುವುದಿಲ್ಲ. ಇದನ್ನು ಮುಚ್ಚಿಟ್ಟು ನಾನು ಕಿಟ್ ಹಾಕುವುದಿಲ್ಲ.

ಈ ಮಿತಿಗಳನ್ನು ಕಂಡು ಗೊಣಗುವವರುಂಟು. ನನಗಂತೂ ಅವು ಸರಿಯೆನಿಸುತ್ತವೆ. ವೇಗ 25ರಿಂದ 50ಕ್ಕೆ ಏರಿದರೆ, ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ. ಹಳೆಯ ಸೈಕಲ್‌ನ ರಾಡ್ ಬ್ರೇಕ್ ಒದ್ದೆ ರಿಮ್ ಮೇಲೆ ಮೊದಲೇ ಹಿಡಿಯದು. ಮುಂದಿನ ಹಬ್‌ನಲ್ಲಿ ಮೋಟಾರ್ ಇಟ್ಟರೆ ಆಕ್ಸಲ್ ಫೋರ್ಕನ್ನೇ ತಿರುಚಲು ನೋಡುತ್ತದೆ. ಅದಕ್ಕೆ ಆಕ್ಸಲ್ ತಿರುಗದಂತೆ ಹಿಡಿಯುವ ಟಾರ್ಕ್ ಆರ್ಮ್ ಬಿಗಿಯಲೇಬೇಕು. ಅಲ್ಯೂಮಿನಿಯಂ ಫೋರ್ಕ್ ಆದರೆ ನಾನು ಒಪ್ಪುವುದೇ ಇಲ್ಲ. ಬ್ರೇಕ್ ಹಿಡಿದ ಕೂಡಲೇ ಮೋಟಾರ್‌ಗೆ ಕರೆಂಟ್ ಕಡಿಯುವ ಲಿವರ್, ಬ್ಯಾಟರಿಗೊಂದು ಫ್ಯೂಸ್, ಇವಿಲ್ಲದೆ ಸೈಕಲ್ ಅಂಗಡಿಯಿಂದ ಹೊರಗೆ ಹೋಗುವಂತಿಲ್ಲ.

ಸೈಕಲ್‌ಗೆ ಮೋಟಾರ್ ಹಾಕಿಸಬೇಕೆಂದಿರುವವರಲ್ಲಿ ನನ್ನದೊಂದು ಕೋರಿಕೆ: ಮೊದಲು ಬ್ರೇಕ್‌ಗೆ ದುಡ್ಡು ಎತ್ತಿಡಿ, ಉಳಿದುದರಲ್ಲಿ ಮೋಟಾರ್ ನೋಡಿ.