ಸಂಕೋಲೆಯಿಂದ ಮನೆಬಾಗಿಲಿಗೆ: ದಾವಣಗೆರೆ ಸೀಮೆಯ ಮನೋರೋಗ ಚಿಕಿತ್ಸೆಯ ಹಾದಿ

ದಾವಣಗೆರೆ ಜಿಲ್ಲೆಯು ಅಸ್ತಿತ್ವಕ್ಕೆ ಬಂದುದು 1997ರ ಆಗಸ್ಟ್ 15ರಂದು. ಅದಕ್ಕೆ ಮುನ್ನ ಜಗಳೂರು ಚಿತ್ರದುರ್ಗ ಜಿಲ್ಲೆಗೂ, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದುದು ತೀರ ಈಚಿನ ಮಾತು. ಸೂಳೆಕೆರೆಯ ನೀರು, ಅಡಕೆಯ ತೋಟಗಳಿಂದ ತಂಪಾದ ಚನ್ನಗಿರಿಗೂ ಮುಗಿಲನ್ನೇ ನೆಚ್ಚಿಕೊಂಡ ಜಗಳೂರಿಗೂ ಹೋಲಿಕೆ ಕಡಿಮೆ. ಆದರೆ ಒಂದು ಕಷ್ಟ ಎಲ್ಲರಿಗೂ ಸಮಾನವಾಗಿತ್ತು. ಮನೆಯಲ್ಲಿ ಒಬ್ಬರ ಚಿತ್ತಸ್ವಾಸ್ಥ್ಯ ಕೆಟ್ಟಿತೆಂದರೆ ಬೆಂಗಳೂರಿಗೋ ಧಾರವಾಡಕ್ಕೋ ಕರೆದೊಯ್ಯಬೇಕಾಗಿತ್ತು. ದಿನಗೂಲಿ ಕಳೆದುಕೊಂಡು, ಉದ್ವಿಗ್ನನಾದ ರೋಗಿಯನ್ನು ಬಸ್ಸಿನಲ್ಲಿ ಹಿಡಿದು ಕೂರಿಸಿಕೊಂಡು ಹೋಗಿ ಬರುವುದು ಬಡ ಕುಟುಂಬಕ್ಕೆ ಒಂದು ಬಾರಿ ಸಾಧ್ಯವಾದೀತು. ತಿಂಗಳು ತಿಂಗಳೂ ಹೇಗೆ ಸಾಧ್ಯ? ಮಾತ್ರೆ ಮುಗಿಯುತ್ತಿತ್ತು, ರೋಗ ಮರಳುತ್ತಿತ್ತು. ಕೊನೆಗೆ ಹಗ್ಗವೋ ಸರಪಳಿಯೋ ಉಳಿಯುತ್ತಿತ್ತು.

ಕಟ್ಟಿಹಾಕಿದವರೆಲ್ಲರೂ ಕ್ರೂರಿಗಳೆಂದು ತಿಳಿಯುವುದು ಅನ್ಯಾಯ. ಬಾವಿಗೆ ಬಿದ್ದಾನೆಂಬ ಹೆದರಿಕೆಯಿಂದ ಮಗನನ್ನು ಕಂಬಕ್ಕೆ ಕಟ್ಟಿ, ತಾನೇ ಕೈತುತ್ತು ಉಣಿಸುವ ತಾಯಿಯ ಮುಂದೆ ಬೇರೆ ಹಾದಿ ಇರಲಿಲ್ಲ. ಆದರೂ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧವೇ ಮೊದಲನೆಯದು ಎಂಬುದನ್ನು ಶ್ರಾವಕರು ಬಲ್ಲರು. ಬಂಧನದ ಪರಿಣಾಮವೇನೆಂಬುದನ್ನು 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿ ತೋರಿಸಿತು. ಅಲ್ಲಿ ಸರಪಳಿಯಲ್ಲಿದ್ದ ರೋಗಿಗಳು ಬೆಂಕಿಯಿಂದ ಓಡಲಾರದೆ ಹೋದರು; ಸತ್ತವರು 28 ಮಂದಿ.

ರೋಗಿಯು ಆಸ್ಪತ್ರೆಗೆ ಬರಲಾರದಿದ್ದರೆ ಚಿಕಿತ್ಸೆಯೇ ಹಳ್ಳಿಗೆ ಹೋಗಬೇಕೆಂಬ ವಿಚಾರ ಕರ್ನಾಟಕಕ್ಕೆ ಹೊಸದಲ್ಲ. 1974ರ ಡಿಸೆಂಬರ್‌ನಲ್ಲಿ ನಿಮ್ಹಾನ್ಸ್ ಸಂಸ್ಥೆ ರೂಪುಗೊಂಡ ಕೆಲವೇ ಕಾಲದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವೊಂದು ಕೆಲಸ ಆರಂಭಿಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಬಹುದೇ ಎಂಬ ಪ್ರಯೋಗಕ್ಕೆ 1985ರಿಂದ 1990ರವರೆಗೆ ಕ್ಷೇತ್ರವಾದುದು ಬಳ್ಳಾರಿ. ಜಗಳೂರಿನ ನೆರೆಯ ಹರಪನಹಳ್ಳಿ ಆಗ ಆ ಜಿಲ್ಲೆಯಲ್ಲಿಯೇ ಇತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ಕೊಟ್ಟು, ಕೆಲವೇ ಅಗತ್ಯ ಔಷಧಗಳನ್ನು ತಪ್ಪದೆ ಒದಗಿಸಿ, ತೊಡಕಿನ ರೋಗಿಗಳನ್ನು ಮಾತ್ರ ಮನೋವೈದ್ಯರ ಬಳಿಗೆ ಕಳುಹಿಸುವುದು ಅಲ್ಲಿನ ಕ್ರಮ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ಬಳ್ಳಾರಿಯ ಹೆಸರು ಗಣಿಗಾಗಿ ಪ್ರಸಿದ್ಧವಾದಷ್ಟು ಇದಕ್ಕಾಗಿ ಆಗಲಿಲ್ಲವೆಂಬುದು ಬೇರೆ ಮಾತು.

ಕುಡಿತದ ಪ್ರಶ್ನೆ ಇನ್ನಷ್ಟು ಜಟಿಲವಾದುದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಕುಡಿತ ನಿಲ್ಲಲಿಲ್ಲ, ಬಾಟಲಿ ಬದಲಾಯಿತು. ಮದ್ಯತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಒಂದಾದುದರಿಂದ, ವ್ಯಸನಿಯನ್ನು ಪಾಪಿಯೆಂದು ದೂರವಿಡುವ ಪ್ರವೃತ್ತಿ ಸಮಾಜದಲ್ಲಿ ಸುಲಭವಾಗಿ ಬೆಳೆಯುತ್ತದೆ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಜನಜಾಗೃತಿ ವೇದಿಕೆಯು ಹಿಡಿದ ಹಾದಿ ಅದಕ್ಕೆ ವಿರುದ್ಧವಾದುದು: ಊರಿನಲ್ಲಿಯೇ ಮದ್ಯವರ್ಜನ ಶಿಬಿರ, ಅದರಲ್ಲಿ ಕುಟುಂಬದವರ ಪಾಲು, ಶಿಬಿರ ಮುಗಿದ ಮೇಲೆ ಬಿಟ್ಟವರನ್ನು ಒಟ್ಟುಗೂಡಿಸುವ ನವಜೀವನ ಸಮಿತಿ. ಜಾರುವವನನ್ನು ನಿಲ್ಲಿಸುವ ಸ್ಥಿತಿಕರಣವೆಂಬ ಮಾತಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ದುರ್ಲಭ.

ಆದರೆ ಸಂಕಲ್ಪವೊಂದರಿಂದಲೇ ಸಾಗದ ಘಟ್ಟವೂ ಇದೆ. ವರ್ಷಗಟ್ಟಲೆ ಪ್ರತಿದಿನ ಕುಡಿದವನು ಥಟ್ಟನೆ ನಿಲ್ಲಿಸಿದರೆ ಎರಡು ಮೂರನೆಯ ದಿನ ಮೈ ನಡುಗಿ, ಬೆವರಿ, ಇಲ್ಲದ್ದು ಕಾಣತೊಡಗಬಹುದು. ಅಪಸ್ಮಾರದಂತೆ ಸೆಳೆತವೂ ಬರಬಹುದು. ಇದನ್ನು ದೆವ್ವದ ಚೇಷ್ಟೆಯೆಂದು ಬಗೆದು ಮಂತ್ರಿಸಿದ ದಾರ ಕಟ್ಟಿಸುತ್ತ ಕುಳಿತರೆ ಪ್ರಾಣಕ್ಕೇ ಅಪಾಯ. ಬಿ-1 ಜೀವಸತ್ವ, ನರೋದ್ರೇಕವನ್ನು ಶಮನಗೊಳಿಸುವ ಔಷಧ, ವೈದ್ಯರ ನಿಗಾ, ಇವು ಆ ಹೊತ್ತಿಗೆ ಬೇಕು. ವಸತಿ ಶಿಬಿರಕ್ಕೆ ಸ್ಥಳ ಕೊಡುವ ಬಸದಿ ಟ್ರಸ್ಟುಗಳು ಈ ಏರ್ಪಾಡು ಇದೆಯೇ ಎಂದು ಮೊದಲೇ ವಿಚಾರಿಸುವುದು ಉಚಿತ.

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಬಿಕ್ಕಟ್ಟಿನ ಹೊತ್ತಿಗೆ ಸ್ಪಷ್ಟ ದಾರಿ ತೋರಿತು. ಪ್ರಾಣಾಪಾಯವಿದ್ದಾಗ, ನಾಮನಿರ್ದೇಶಿತ ಪ್ರತಿನಿಧಿ ದೊರೆತಲ್ಲಿ ಅವರ ಒಪ್ಪಿಗೆ ಪಡೆದು, ಯಾವುದೇ ನೋಂದಾಯಿತ ವೈದ್ಯರು, ರೋಗಿ ಇರುವ ಊರಿನಲ್ಲಿಯೇ, ಸಾಮಾನ್ಯವಾಗಿ 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ನೀಡಬಹುದು. ರೋಗಿಯನ್ನು ಯಾವ ರೂಪದಲ್ಲಿಯೂ ಸರಪಳಿಯಿಂದ ಬಂಧಿಸಕೂಡದು. ಆತ್ಮಹತ್ಯೆಗೆ ಯತ್ನಿಸಿದವರನ್ನು ಅಪರಾಧಿಯೆಂದಲ್ಲ, ತೀವ್ರ ಒತ್ತಡಕ್ಕೆ ಸಿಲುಕಿದವರೆಂದು ಭಾವಿಸತಕ್ಕದ್ದು. ಪೊಲೀಸರ ಅಂಜಿಕೆಯಿಂದ ಕೀಟನಾಶಕ ಕುಡಿದವನ ವಿಷಯವನ್ನು ಮುಚ್ಚಿಡುವ ಕುಟುಂಬಗಳಿಗೆ ಇದು ತಿಳಿದಿರುವುದು ಅವಶ್ಯ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಕರೆ ಮಾಡಬಹುದು. ಆದರೆ ದೂರವಾಣಿಯ ದನಿ ಆ ಇರುಳನ್ನು ದಾಟಿಸೀತು. ಮರುವಾರ ಬಾಗಿಲು ತಟ್ಟಿ ಮಾತ್ರೆ ನುಂಗಿದೆಯಾ ಎಂದು ಕೇಳಲು ಊರಿನವರೇ ಬೇಕು.

ಜಗಳೂರಿನಲ್ಲಿ ನಡೆದುದು ಈ ಎರಡನೆಯ ಕೆಲಸ. 2010ರ ದಶಕದ ಉತ್ತರಾರ್ಧದಲ್ಲಿ ನಿಮ್ಹಾನ್ಸ್‌ನ ವೈದ್ಯರು, ಅಂಗವಿಕಲರ ಸಂಸ್ಥೆಯಾದ ಎಪಿಡಿ, ದೀಪಿಕಾ ಪಡುಕೋಣೆಯವರ ಲಿವ್ ಲವ್ ಲಾಫ್ ಪ್ರತಿಷ್ಠಾನ ಇವು ಸರ್ಕಾರಿ ವ್ಯವಸ್ಥೆಯೊಡನೆ ಕೈಗೂಡಿಸಿದವು. ಯಾವ ಮನೆಯಲ್ಲಿ ಯಾರು ಮೂಲೆ ಸೇರಿದ್ದಾರೆಂಬುದನ್ನು ಬಲ್ಲವರು ಆಶಾ ಕಾರ್ಯಕರ್ತೆಯರು; ಅವರು ಗುರುತಿಸಿದ ರೋಗಿಗಳಿಗೆ ತಾಲ್ಲೂಕು ಕೇಂದ್ರದಲ್ಲಿಯೇ ಚಿಕಿತ್ಸೆ ದೊರೆಯತೊಡಗಿತು. ಕುಟುಂಬಗಳು ಕೈಯಿಂದ ಹಾಕುವ ವೆಚ್ಚ ತಗ್ಗಿತು. ಅಂಗವೈಕಲ್ಯ ಪ್ರಮಾಣಪತ್ರ, ಮಾಸಾಶನಗಳಿಗೆ ದಾರಿಯಾಯಿತು. ಚೇತರಿಸಿಕೊಂಡ ಕೆಲವರನ್ನು ಮಹಾತ್ಮ ಗಾಂಧಿ ಉದ್ಯೋಗ ಖಾತರಿ ಯೋಜನೆಯ ಕೆಲಸಕ್ಕೂ ಸೇರಿಸಲಾಯಿತು. ಊರವರು ಯಾರ ಹೆಸರನ್ನು ಹಿಡಿದು ಕರೆಯುವುದನ್ನೇ ಬಿಟ್ಟಿದ್ದರೋ ಅಂಥವರು ಅದೇ ಊರವರ ಜೊತೆಗೆ ಗುದ್ದಲಿ ಹಿಡಿದು ಮಣ್ಣು ಅಗೆದು, ತಮ್ಮ ಹೆಸರಿನಲ್ಲಿಯೇ ಕೂಲಿ ಪಡೆದರು.