ಕೇಳುಗನ ಮರುಮಾತು: ಮೈಸೂರು ಸೀಮೆಯ ಸಂಗೀತರಸಿಕನೂ ಹೊಸ ಸಾಧನಗಳೂ

ನಮ್ಮಲ್ಲಿ ಸಂಗೀತದ ಚರಿತ್ರೆಯೆಂದರೆ ಬಹುಮಟ್ಟಿಗೆ ವಿದ್ವಾಂಸರ ಚರಿತ್ರೆ. ಕೇಳಿದವರ ಚರಿತ್ರೆಯನ್ನು ಬರೆಯುವ ಪ್ರಯತ್ನ ವಿರಳ. ಇದಕ್ಕೆ ಕಾರಣವೂ ಉಂಟು. ಕೇಳಿದವನು ಕೃತಿಯನ್ನಾಗಲಿ ಶಾಸನವನ್ನಾಗಲಿ ಬಿಟ್ಟುಹೋಗುವುದಿಲ್ಲ. ಆದರೂ ಅವನು ಕಛೇರಿಯಲ್ಲಿ ಮೂಕನಾಗಿರಲಿಲ್ಲ. ತೊಡೆಯ ಮೇಲೆ ತಾಳ ಹಾಕುವುದು, ತಲೆದೂಗುವುದು, ಸಂಗತಿಯೊಂದು ಹೃದಯವನ್ನು ಮುಟ್ಟಿದಾಗ ‘ಭಲೆ’ ಎನ್ನುವುದು, ಇವೆಲ್ಲವೂ ಗಾಯಕನಿಗೆ ಸಲ್ಲುವ ಮರುಮಾತುಗಳು. ಮುಂದಿನ ಸಂಗತಿ ಎಷ್ಟೋ ವೇಳೆ ಅವುಗಳಿಂದಲೇ ಹುಟ್ಟುವುದು. ಯಂತ್ರಸಾಧನಗಳು ಈ ಮರುಮಾತನ್ನು ಏನುಮಾಡಿದುವೆಂಬುದೇ ಇಲ್ಲಿಯ ವಿಚಾರ.

ಇದನ್ನು ಪರಿಶೀಲಿಸಲು ರಾಜಧಾನಿಗಿಂತ ಅದರ ಪಡುವಣ ತಾಲ್ಲೂಕುಗಳೇ ಮೇಲು. ಮೈಸೂರಿನಲ್ಲಿ ಅರಮನೆಯ ಆಶ್ರಯವಿತ್ತು, ವಾಸುದೇವಾಚಾರ್ಯರಂಥ ವಾಗ್ಗೇಯಕಾರರಿದ್ದರು. ಕೃಷ್ಣರಾಜನಗರಕ್ಕೆ ರೈಲುಮಾರ್ಗವಾದರೂ ಉಂಟು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಿಗೆ ಅದೂ ಬರಲಿಲ್ಲ. ರಾತ್ರಿಯ ಕಛೇರಿಯನ್ನು ಕೇಳಬೇಕಾದರೆ ಪಟ್ಟಣದಲ್ಲಿ ತಂಗಲು ನಂಟರ ಮನೆಯೊಂದು ಇರಬೇಕಾಗಿತ್ತು. ಇಲ್ಲಿ ಸಂಗೀತದ ಹಸಿವು ಇರಲಿಲ್ಲವೆಂದು ಮಾತ್ರ ಹೇಳಲಾಗದು. ಅರಕಲಗೂಡು ತಾಲ್ಲೂಕಿಗೆ ಸೇರಿದರೂ ಈ ಸೀಮೆಗೆ ನೆರೆಯದೇ ಆದ, ಕಾವೇರೀತೀರದ ರುದ್ರಪಟ್ಟಣವು ಮನೆಮನೆಯಲ್ಲಿ ಸಂಗೀತವಿದ್ದ ಊರೆಂದು ಪ್ರಸಿದ್ಧವಾಗಿರುವುದು.

ಮೊದಲು ಬಂದುದು ಗ್ರಾಮಫೋನು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯ ಗಾನವನ್ನು ತಟ್ಟೆಗಿಳಿಸಿದರು. ಸುಮಾರು ಮೂರು ನಿಮಿಷಗಳಲ್ಲಿ ಎಲ್ಲವೂ ಮುಗಿಯಬೇಕು! ಗಂಟೆಗಟ್ಟಲೆ ಹರಿಯುವ ರಾಗಕ್ಕೆ ಇದು ಕತ್ತರಿಯೇ ಸರಿ. ಆಕೆ ಅದನ್ನೂ ಒಂದು ಕಲೆಯಾಗಿ ಸಾಧಿಸಿ, ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ತಟ್ಟೆಗಳು ಸಿದ್ಧವಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಬೇಕಷ್ಟೆ. ಈ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ತಟ್ಟೆಯಿಂದ ರಸಿಕನಿಗಾದ ಲಾಭವೆಂದರೆ ಪುನರಾವೃತ್ತಿ. ಗುರುವಿಲ್ಲದ ಊರಿನಲ್ಲಿಯೂ ಒಂದೇ ಸಂಗತಿಯನ್ನು ಹತ್ತು ಬಾರಿ ಕೇಳಿ ಕಲಿಯಬಹುದಾಯಿತು. ಆದರೆ ‘ಭಲೆ’ ಎಂದರೆ ತಟ್ಟೆಗೆ ಕೇಳಿಸದು.

ಎರಡನೆಯದು ರೇಡಿಯೊ. ಮೈಸೂರಿನ ಮಟ್ಟಿಗೆ ಇದರ ಉಪಕ್ರಮವನ್ನು ಮಾಡಿದವರು ವಿದ್ವಾಂಸರೂ ಅಲ್ಲ, ಸರ್ಕಾರವೂ ಅಲ್ಲ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು. 1935ರಲ್ಲಿ ತಮ್ಮ ಮನೆಯಿಂದಲೇ ಅವರು ‘ಆಕಾಶವಾಣಿ’ಯನ್ನು ಆರಂಭಿಸಿದರು. ಮೊದಲ ಪ್ರೇಷಕಯಂತ್ರದ ಶಕ್ತಿ 30 ವಾಟ್ ಮಾತ್ರ. ಆ ಕಾಲದ ಮನೆಯ ಸಾಧಾರಣ ದೀಪವೊಂದು ಇದಕ್ಕಿಂತ ಹೆಚ್ಚು ವಿದ್ಯುತ್ತನ್ನು ಬೇಡುತ್ತಿದ್ದಿತು. ಬಳಿಕ 250 ವಾಟಿನ ಯಂತ್ರವು ಬಂದಿತು. 1942ರಲ್ಲಿ ಸಂಸ್ಥಾನದ ಸರ್ಕಾರವು ಕೇಂದ್ರವನ್ನು ವಹಿಸಿಕೊಂಡಿತು. 1955ರಲ್ಲಿ ಅದು ಬೆಂಗಳೂರಿಗೆ ಹೋಯಿತು. ‘ಆಕಾಶವಾಣಿ’ಯೆಂಬ ಹೆಸರು ಅನಂತರ ದೇಶಕ್ಕೆಲ್ಲ ಸಂದಿತು. ರುದ್ರಪಟ್ಟಣದ ಆರ್. ಕೆ. ಶ್ರೀಕಂಠನ್ ಅವರು ದೀರ್ಘಕಾಲ ಆ ಸಂಸ್ಥೆಯಲ್ಲಿ ಸೇವೆಸಲ್ಲಿಸಿದರು. ಹಳ್ಳಿಯವನು ಹೊಲದ ಕೆಲಸವನ್ನು ಮುಗಿಸಿಕೊಂಡು ಬಂದು ಅವರ ಗಾನವನ್ನು ಕೇಳುವಂತಾದುದು ಸಣ್ಣ ಮಾತಲ್ಲ. ಆದರೆ ಇಲ್ಲಿಯೂ ಕೇಳುಗನಿಗೆ ಬಾಯಿಯಿಲ್ಲ. ಇದ್ದುದು ಅಂಚೆಯ ಕಾಗದವೊಂದೆ.

ಮೂರನೆಯ ಸಾಧನವಾದ ಅಂತರಜಾಲವು ಈ ಬಾಯನ್ನು ಹಿಂದಕ್ಕೆ ಕೊಟ್ಟಿತೆಂಬುದು ನಮ್ಮ ಅಭಿಪ್ರಾಯ. 1990ರ ದಶಕದಲ್ಲಿಯೇ ಯೂಸ್‌ನೆಟ್ಟಿನಲ್ಲಿ ಭಾರತೀಯ ಶಾಸ್ತ್ರೀಯಸಂಗೀತಕ್ಕೆ ಮೀಸಲಾದ ಚರ್ಚಾವೇದಿಕೆಯೊಂದು ಇತ್ತು. 2005ರಲ್ಲಿ ಯೂಟ್ಯೂಬೂ 2009ರಲ್ಲಿ ವಾಟ್ಸಾಪೂ ಹುಟ್ಟಿದುವು. ಇಂದು ಕೋಟೆಯ ರಸಿಕನು ಅಮೆರಿಕದಲ್ಲಿರುವವನೊಡನೆ ಒಂದು ಸ್ವರಪ್ರಸ್ತಾರದ ವಿಷಯವಾಗಿ ವಾದಿಸಬಲ್ಲನು. 2020ರಲ್ಲಿ ಸಭೆಗಳು ಮುಚ್ಚಿದಾಗ, ಗಾಯಕನು ಮನೆಯಲ್ಲಿ ಕುಳಿತು ಹಾಡುತ್ತಿರುವಂತೆಯೇ ಕೇಳುಗರ ಮೆಚ್ಚಿಕೆಯು ತೆರೆಯ ಮೇಲೆ ಅಕ್ಷರರೂಪದಿಂದ ಮೂಡುತ್ತಿದ್ದಿತು. ತಲೆದೂಗುವಿಕೆಗೆ ಅದು ಸಮವೇ ಎಂದು ಕೇಳಿದರೆ ಸಮವಲ್ಲವೆಂದೇ ಹೇಳಬೇಕು. ತಾಳಕ್ಕೆ ಹೊಂದದ ಮೆಚ್ಚಿಕೆಯಿಂದ ಗಾಯಕನಿಗೆ ಆಗುವುದು ಕಡಮೆ.

ಈ ಸಾಧನವನ್ನು ಕಲಿಯುವುದು ವೃದ್ಧರಸಿಕರಿಗೆ ಸುಲಭವಾಗಲಿಲ್ಲ. ಯಂತ್ರಕ್ಕಿಂತ ಹೆಚ್ಚಾಗಿ ತೊಡಕಾದುದು ಲಿಪಿ. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿದ್ದರೂ ಕೀಲಿಮಣೆ ಕೈಗೆ ಬರುವವರೆಗೆ ಬಹುಮಂದಿ ರೋಮನ್ ಅಕ್ಷರಗಳಲ್ಲಿಯೇ ಬರೆದರು. ಹ್ರಸ್ವದೀರ್ಘಗಳು ಕೆಟ್ಟು, ರಾಗದ ಹೆಸರುಗಳೂ ಸಾಹಿತ್ಯವೂ ವಿರೂಪವಾದುವು. ಅದಕ್ಕಿಂತ ಗುರುತರವಾದ ನಷ್ಟ ಬೇರೊಂದುಂಟು. ಕೈಯಿಂದ ಕೈಗೆ ಸಾಗುವ ಧ್ವನಿತುಣುಕುಗಳಲ್ಲಿ ಗಾಯಕನ ಹೆಸರಿಲ್ಲ, ಪಕ್ಕವಾದ್ಯದವರ ಹೆಸರಿಲ್ಲ, ವರ್ಷವಿಲ್ಲ, ಊರಿಲ್ಲ. 1902ರ ತಟ್ಟೆಯಲ್ಲಿದ್ದ ದಾಖಲೆ ಇವುಗಳಲ್ಲಿಲ್ಲ. ಇಂಥ ತುಣುಕಿನ ಕೆಳಗೆ, ಆ ಕಛೇರಿಯಲ್ಲಿ ಕುಳಿತಿದ್ದ ಹಳೆಯ ಕೇಳುಗನೊಬ್ಬನು ಮೊಮ್ಮಗಳಿಂದ ಕನ್ನಡ ಕೀಲಿಮಣೆಯನ್ನು ಹಾಕಿಸಿಕೊಂಡು ರಾಗ, ತಾಳ, ಪಿಟೀಲು ಬಾರಿಸಿದವರ ಹೆಸರು, ಊರು, ವರ್ಷ ಇಷ್ಟನ್ನು ಬರೆದನೆಂದರೆ, ಸಂಗೀತಚರಿತ್ರಕಾರನಿಗೆ ಅದು ತಾಳೆಯೋಲೆಯಷ್ಟೇ ಬೆಲೆಯುಳ್ಳ ಆಧಾರವಾಗುವುದು.